ಕ್ರಿಸ್‌ಮಸ್ ಮರದ ಮೇಲೆ ಹಿಮ
(ಶಾಲೆಯ ಕೈಕೆಲಸದ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣ)



ಪ್ರದರ್ಶನದ ದಿನ ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ, ವಿಷಯವನ್ನು ಮಕ್ಕಳಿಂದಲೇ ಪಡೆಯುತ್ತೇನೆಂದು ಹೇಳಿದ್ದೆನು. ಏಳನೆಯ ತರಗತಿಯವರು ಒಕ್ಕೊರಲಿನಿಂದ ಕೇಳಿದ ಪ್ರಶ್ನೆ ಇದು: "ಮನೆಯಲ್ಲಿ ಕ್ರಿಸ್‌ಮಸ್ ಮರವನ್ನು ಮಾಡಿದರೆ, ಅದರ ಮೇಲೆ ಹಿಮ ಬಿದ್ದಂತೆ ಕಾಣಿಸುವುದು ಹೇಗೆ?" ಪ್ರಶ್ನೆಯೇನೋ ಚಿಕ್ಕದು. ಆದರೆ ಐವತ್ತು ವರ್ಷಗಳಿಗೂ ಮಿಗಿಲಾಗಿ ನಾನು ಇದಕ್ಕೆ ಉತ್ತರ ಕೊಡಲು ಹಿಂಜರಿಯುತ್ತ ಬಂದವನು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಹಿಮದ ಮಾತು. ಇಲ್ಲಿ ಕುಳಿತಿರುವ ನಮ್ಮಲ್ಲಿ ಹಿಮ ಬೀಳುವುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನಮ್ಮ ಕರಾವಳಿಯಲ್ಲಿ ಬೆಳಗಿನ ಮಬ್ಬನ್ನೂ 'ಮಂಜು' ಎನ್ನುತ್ತೇವೆ, ಹಿಮಾಲಯದ ಮೇಲೆ ಬೀಳುವುದನ್ನೂ 'ಮಂಜು' ಎನ್ನುತ್ತೇವೆ. ನಿತ್ಯ ಕಾಣದ ವಸ್ತುವಿಗೆ ನಿತ್ಯದ ಮಾತಿನಲ್ಲಿ ಬೇರೆ ಹೆಸರು ಏಕೆ ಬೇಕು? ನೀಲಗಿರಿಯಲ್ಲಿ ನೆಂಟರಿರುವವರು ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಅಲ್ಲಿಯ ಹುಲ್ಲುಗಾವಲಿನ ಮೇಲೆ ತೇವವು ಹೆಪ್ಪುಗಟ್ಟಿ ಬಿಳಿಯ ಹಾಸಾಗಿರುವುದನ್ನು ಕಂಡಿರಬಹುದು. ಅದು ನೆಲದ ಮೇಲೆಯೇ ಹುಟ್ಟಿದ್ದು. ಹಿಮವಾದರೋ ಮೋಡದಲ್ಲಿ ಹುಟ್ಟಿ, ಹಗುರವಾಗಿ ಇಳಿದು ಬರುವಂಥದು.

ಯೇಸುವಿನ ಜನನದ ಕಥೆಯಲ್ಲಿ ಹಿಮವಿಲ್ಲ. ಹೊಲದಲ್ಲಿ ಕುರಿ ಕಾಯುವವರು ಬರುತ್ತಾರೆ, ಗೋದಲಿ ಬರುತ್ತದೆ, ನಕ್ಷತ್ರ ಬರುತ್ತದೆ. ಹಿಮ ಮಾತ್ರ ಬರುವುದಿಲ್ಲ. ನಮ್ಮ ಊರಿನ ಕ್ರೈಸ್ತ ಬಂಧುಗಳ ಮನೆಗಳಲ್ಲಿಯೂ ಗೋದಲಿಗೇ ಮೊದಲ ಮರ್ಯಾದೆ. ಮರವೂ ಹಿಮವೂ ಸೇರಿಕೊಂಡದ್ದು ಯೂರೋಪಿನ ಉತ್ತರದ ನಾಡುಗಳಲ್ಲಿ. ರೈನ್ ನದಿಯ ದಡದ ಸ್ಟ್ರಾಸ್‌ಬರ್ಗ್ ಪಟ್ಟಣದ ಜನರು ಮನೆಯೊಳಗೆ ಫರ್ ಮರವನ್ನು ನಿಲ್ಲಿಸಿ, ಅದಕ್ಕೆ ಕಾಗದದ ಗುಲಾಬಿ, ಸೇಬು, ಸಕ್ಕರೆಯ ತಿನಿಸು ಮುಂತಾದುವನ್ನು ತೂಗಹಾಕುತ್ತಿದ್ದರೆಂದು 1605ರ ಒಂದು ಬರಹವು ತಿಳಿಸುತ್ತದೆ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಕುಟುಂಬವು ಇಂತಹ ಮರದ ಸುತ್ತ ನಿಂತ ಚಿತ್ರವೊಂದು 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಈ ರೂಢಿ ಅಲ್ಲಿ ಮನೆಮನೆಗೂ ಹಬ್ಬಿತು. ಹೊರಗಿನ ಕಾಡಿನಲ್ಲಿ ಹಿಮ ಹೊತ್ತು ನಿಂತಿದ್ದ ಮರವನ್ನು ಬೆಚ್ಚನೆಯ ಮನೆಯೊಳಗೆ ತಂದರೆ ಹಿಮವು ಕರಗಿಹೋಗುವುದಷ್ಟೆ? ಅದರ ಬದಲಿಗೆ ಹತ್ತಿಯನ್ನು ಹರಡಿದರು. ಬೆಳಕಿಗಾಗಿ ಕೊಂಬೆಗಳ ಮೇಲೆ ಮೇಣದ ಬತ್ತಿಗಳನ್ನು ಉರಿಸಿದರು. ಹತ್ತಿ ಮತ್ತು ಬತ್ತಿ, ಎರಡೂ ಒಂದೇ ಮರದ ಮೇಲೆ!

ಈಗ ನನ್ನ ಕಥೆ. 1969ರ ಡಿಸೆಂಬರ್ ತಿಂಗಳು. ನಾನು ಇಪ್ಪತ್ತೆರಡು ವರ್ಷದ ಹೊಸ ಮಾಸ್ತರನು. ಮಲೆಯ ಬದಿಯ ಒಂದು ಹಳ್ಳಿಯ ಶಾಲೆ, ಹೆಸರು ಬೇಡ. ಪತ್ರಿಕೆಯೊಂದರಲ್ಲಿ ಕಂಡ ಚಿತ್ರದಂತೆ ಶಾಲೆಯ ಕೂಟಕ್ಕೆ ಕ್ರಿಸ್‌ಮಸ್ ಮರವನ್ನು ಮಾಡಬೇಕೆಂಬ ಹುಮ್ಮಸ್ಸು ನನಗೆ. ಆಳೆತ್ತರದ ಗಾಳಿಮರದ ತುದಿಯನ್ನು ತರಿಸಿ, ಹಳೆಯ ದಿಂಬೊಂದನ್ನು ಬಿಚ್ಚಿ ಹತ್ತಿಯನ್ನೆಲ್ಲ ಹಿಂಜಿ, ಹಸುರು ಒಂದಿಷ್ಟೂ ಕಾಣದಂತೆ ಮುಚ್ಚಿದೆನು. ಹನ್ನೆರಡು ಮೇಣದ ಬತ್ತಿಗಳನ್ನು ತಂತಿಯಿಂದ ಬಿಗಿದೆನು. ಐದನೆಯ ತರಗತಿಯ ಹುಡುಗನೊಬ್ಬನಿಗೆ ಹತ್ತಿಯ ಗಡ್ಡ ಅಂಟಿಸಿ ಕ್ರಿಸ್‌ಮಸ್ ತಾತನನ್ನಾಗಿ ಮಾಡಿ ಮರದ ಬುಡದಲ್ಲಿ ನಿಲ್ಲಿಸಿದೆನು. ಬತ್ತಿಗಳನ್ನು ಹಚ್ಚಿದವನೂ ನಾನೇ. ಕೊನೆಯದನ್ನು ಹಚ್ಚಿ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆನೋ ಇಲ್ಲವೋ, ಕೆಳಗಿನ ಕೊಂಬೆಯಿಂದ ಒಂದು ನೀಲಿಯ ಗೆರೆ ಮೇಲಕ್ಕೆ ಓಡಿತು. ಮರುಕ್ಷಣದಲ್ಲಿ ಮರವೆಲ್ಲ ಬೆಂಕಿ. ಜನರು ಚಪ್ಪಾಳೆ ತಟ್ಟಿದರು. ಅದೂ ಆಟದ ಒಂದು ಭಾಗವೆಂದು ಅವರು ತಿಳಿದಿದ್ದರು. ಹುಡುಗನು ಗಡ್ಡವನ್ನು ಕಿತ್ತೆಸೆಯಲು ಎಡಗೈಯನ್ನು ಎತ್ತಿದನು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ಅವನ ತಾಯಿಯಲ್ಲ, ತಾನು ಹಾಸಿ ಕುಳಿತಿದ್ದ ಗೋಣಿಯನ್ನು ಹಿಡಿದು ಓಡಿ ಬಂದು ಅವನ ಮೇಲೆ ಹಾಕಿ ಅಪ್ಪಿಕೊಂಡಳು. ಮುಖ ಉಳಿಯಿತು. ಸುಟ್ಟ ಕೈಯ ಮೇಲೆ ನಾವು, ಅಂದಿನ ವಾಡಿಕೆಯಂತೆ, ದವತಿಯ ಶಾಯಿಯನ್ನು ಸುರಿದೆವು. ಅದು ತಪ್ಪು. ಶಾಯಿಯೂ ಕೂಡದು, ಎಣ್ಣೆಯೂ ಕೂಡದು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಗೊಟ್ಟು, ಬಳಿಕ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬುದು ಇಂದಿನ ತಿಳಿವಳಿಕೆ. ಆ ಹುಡುಗನು ಈಗ ಮೊಮ್ಮಕ್ಕಳನ್ನು ಕಂಡವನು. ಸಂತೆಯಲ್ಲಿ ಎದುರಾದರೆ ಇಂದಿಗೂ ನನಗೆ ಕೈ ಮುಗಿಯುತ್ತಾನೆ. ಎಡಗೈಯ ಎರಡು ಬೆರಳುಗಳು ನೆಟ್ಟಗಾಗದೆ, ಬಲಗೈಯ ಬೆರಳುಗಳೊಡನೆ ಸೇರುವುದಿಲ್ಲ.

ಹತ್ತಿ ಏಕೆ ಹಾಗೆ ಉರಿಯಿತು? ಇದನ್ನು ಬಹಳ ದಿನ ಯೋಚಿಸಿದೆನು. ಮಕ್ಕಳೇ, ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿರಿ. ಕಲ್ಲುಸಕ್ಕರೆಯ ಹರಳೊಂದನ್ನು ಬೆಳಕಿಗೆ ಹಿಡಿದು ನೋಡಿರಿ. ಬೆಳಕು ಅದರ ಮೂಲಕ ಹಾದುಬರುತ್ತದೆ. ಅದನ್ನೇ ಒರಳಿಗೆ ಹಾಕಿ ಕುಟ್ಟಿರಿ. ಪುಡಿಯು ಅಚ್ಚ ಬಿಳುಪು. ಬಿಳಿಯ ಬಣ್ಣವನ್ನು ಅದಕ್ಕೆ ಬಳಿದವರು ಯಾರು? ಯಾರೂ ಅಲ್ಲ. ಒಂದು ಹರಳು ಸಾವಿರ ಚೂರಾಗಿ, ಚೂರುಗಳ ನಡುವೆ ಗಾಳಿ ಸೇರಿತು. ಚೂರಿನ ಒಂದೊಂದು ಮೈಯಿಂದಲೂ ಬೆಳಕು ಚದುರಿ ನಾಲ್ಕು ದಿಕ್ಕಿಗೂ ಮರಳುವುದರಿಂದ ನಮ್ಮ ಕಣ್ಣಿಗೆ ಅದು ಬೆಳ್ಳಗೆ ಕಾಣುತ್ತದೆ. ಕಡಲ ತೆರೆ ಒಡೆದಾಗ ನೊರೆಯು ಬಿಳುಪಾಗುವುದೂ ಹೀಗೆಯೇ. ಹಿಮದ ಸಂಗತಿಯೂ ಇದೇ. ಮಂಜುಗಡ್ಡೆಗೆ ಬಣ್ಣವಿಲ್ಲ, ಆಗತಾನೆ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುವುದರಿಂದ ಅದು ಅಷ್ಟು ಬಿಳುಪು, ಅಷ್ಟು ಮೆದು. ಹಿಂಜಿದ ಹತ್ತಿಯೂ ಎಳೆ ಮತ್ತು ಗಾಳಿಗಳ ಕೂಟವೇ. ಆದಕಾರಣವೇ ಅದು ಹಿಮವನ್ನು ಹೋಲುತ್ತದೆ. ಆದಕಾರಣವೇ ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಬೆಂಕಿಗೆ ಬೇಕಾದ ಗಾಳಿ ಪ್ರತಿಯೊಂದು ಎಳೆಯ ಪಕ್ಕದಲ್ಲಿಯೂ ಸಿದ್ಧವಾಗಿರುತ್ತದೆ. ನಾನು ಹೆಚ್ಚು ಬೆಳ್ಳಗಾಗಲೆಂದು ಹಿಂಜಿದಷ್ಟೂ ಉರಿಗೆ ದಾರಿ ಮಾಡಿಕೊಡುತ್ತಿದ್ದೆನು.

ಹತ್ತಿಗೆ ಹೆದರಿ ಬೇರೊಂದನ್ನು ಹಿಡಿದವರೂ ಉಂಟು. ಅಮೆರಿಕದಲ್ಲಿ 1930ರ ದಶಕದ ಸುಮಾರಿಗೆ, ಬೆಂಕಿ ಹತ್ತದ ಹಿಮವೆಂದು ಕಲ್ನಾರಿನ ಎಳೆಗಳನ್ನು ಪೆಟ್ಟಿಗೆಗಳಲ್ಲಿ ಮಾರುತ್ತಿದ್ದರು. ನಮ್ಮ ಹಳೆಯ ಮಾಡುಗಳ ಶೀಟುಗಳಲ್ಲಿ ಸಿಮೆಂಟಿನೊಡನೆ ಬೆರೆತಿರುವ ಅದೇ ಕಲ್ನಾರು. ಬೆಂಕಿಯೇನೋ ಹತ್ತದು. ಆದರೆ ಅದರ ನವುರಾದ ಎಳೆ ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ಬಳಿಕ ಮಾರಕ ರೋಗವಾಗಿ ಕಾಣಿಸಿಕೊಳ್ಳಬಹುದು. ಇನ್ನು ಈಚಿನ ದಿನಗಳ ಥರ್ಮೋಕೋಲ್ ಕಾಳು: ಅದು ಹೊಗೆಯುಗುಳುತ್ತ ಉರಿಯುವುದು, ಉರಿಯದೆ ಉಳಿದದ್ದು ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಅದೂ ಬೇಡ.

ಹಾಗಾದರೆ ಬೇಕಾದುದು ಯಾವುದು? ಗಾಳಿಯನ್ನು ಹಿಡಿದಿಟ್ಟುಕೊಳ್ಳಬೇಕು, ಆದರೆ ಹತ್ತಿಯಂತೆ ಹೊತ್ತಿಕೊಳ್ಳಬಾರದು. ನಮ್ಮ ಬಚ್ಚಲಿನಲ್ಲಿಯೇ ಅದು ಇದೆ: ಸಾಬೂನಿನ ನೊರೆ.

ಬಿಳಿಯ ಬಾರ್ ಸಾಬೂನನ್ನು ಕಾಯಿ ತುರಿದಂತೆ ತುರಿಯಿರಿ. ಎರಡು ಲೋಟ ತುರಿಗೆ ಅರ್ಧ ಲೋಟದಷ್ಟು ಉಗುರು ಬೆಚ್ಚನೆಯ ನೀರು ಸಾಕು. ಬೇಕೆನಿಸಿದರೆ ಚಮಚ ಚಮಚವಾಗಿ ಸೇರಿಸಬಹುದು, ಒಮ್ಮೆ ಹೆಚ್ಚಾದ ನೀರನ್ನು ತೆಗೆಯಲಾಗದು. ಇದನ್ನು ಮಜ್ಜಿಗೆಯ ಕಡೆಗೋಲಿನಿಂದ ಕಡೆಯಿರಿ. ಮೊದಲು ಗಂಜಿಯಂತಿರುವುದು; ಬೇಸರಪಡದೆ ಕಡೆದರೆ ಬೆಣ್ಣೆಯಂತೆ ಗಟ್ಟಿಯಾಗಿ, ಕಡೆಗೋಲನ್ನು ಎತ್ತಿದಾಗ ಶಿಖರ ನಿಲ್ಲುವುದು. ಅಲ್ಲಿಗೆ ಹಿಮ ಸಿದ್ಧವಾಯಿತು. (ಕಡೆಗೋಲನ್ನು ಮೂರು ಸಲ ತೊಳೆದಿಡಿರಿ. ಮರುದಿನದ ಮಜ್ಜಿಗೆಯಲ್ಲಿ ಸಾಬೂನಿನ ವಾಸನೆ ಬಂದರೆ ತಾಯಂದಿರು ನನ್ನ ಹೆಸರನ್ನು ಹೇಳಿ ಬೈಯುವರು.)

ಮರವಾವುದೆಂದರೆ, ನಮಗೆ ಕಡಲ ಕರೆಯ ಗಾಳಿಮರವೇ ಸರಿ. ಬೆಳೆದ ಮರವನ್ನು ಕಡಿಯಬೇಡಿರಿ. ಗಾಳಿಗೆ ಮುರಿದು ಬಿದ್ದ ಹಸಿ ಕೊಂಬೆ ಸಾಕು. ಅದು ನೋಡಲು ಪೈನ್ ಮರದಂತಿದ್ದರೂ ಆ ಜಾತಿಯದಲ್ಲ. ಅದರ ಸೂಜಿಯಂತಹ ಎಳೆಯನ್ನು ಎಳೆದರೆ ಗಂಟು ಗಂಟಾಗಿ ಕಳಚಿ ಬರುವುದನ್ನು ನೀವೆಲ್ಲ ಆಟದಲ್ಲಿ ಕಂಡಿದ್ದೀರಿ. ಆ ಎಳೆ ಎಲೆಯಲ್ಲ, ಸಣ್ಣ ರೆಂಬೆ; ನಿಜವಾದ ಎಲೆಗಳು ಗಂಟಿನ ಸುತ್ತ ಇರುವ ಪುಟ್ಟ ಹಲ್ಲುಗಳು. ಹಳೆಯ ಡಬ್ಬಿಗೆ ಮುರಕಲ್ಲಿನ ಚೂರನ್ನೂ ಒದ್ದೆಯಾದ ಮರಳನ್ನೂ ತುಂಬಿ ಕೊಂಬೆಯನ್ನು ನೆಡಿರಿ. ಮರಳು ಒಣಗದಂತೆ ದಿನವೂ ನೀರು ಹಾಕಿರಿ. ಹಸಿಯಾಗಿದ್ದಷ್ಟು ದಿನ ಕೊಂಬೆಗೂ ಬೆಂಕಿಯ ಭಯ ಕಡಮೆ.

ಇನ್ನು ನೊರೆಯನ್ನು ಎಲ್ಲಿ ಇಡಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು, ನಾನೂ ಎಡವಿದೆನು. ಮರವನ್ನೆಲ್ಲ ಬೆಳ್ಳಗೆ ಬಳಿದರೆ ಅದು ಸುಣ್ಣ ಹೊಡೆದ ಗೋಡೆಯಾದೀತೇ ಹೊರತು ಹಿಮದ ಮರವಾಗದು. ಹಿಮವು ಮೇಲಿನಿಂದ ಬೀಳುವುದು. ನಾವು ಹಿಮವನ್ನು ಕಾಣದಿದ್ದರೂ ಮಾರ್ಚ್ ತಿಂಗಳಲ್ಲಿ ಮಣ್ಣಿನ ರಸ್ತೆಯ ಪಕ್ಕದ ಮರಗಳ ಮೇಲೆ ಕೆಂಧೂಳು ಕೂರುವುದನ್ನು ಕಂಡಿಲ್ಲವೆ? ಎಲೆಯ ಮೇಲ್ಮೈ ಕೆಂಪು, ಅಡಿ ಹಸುರು. ಮೇಲಿನ ಕೊಂಬೆ ಚಾಚಿದಲ್ಲಿ ಅದರ ನೆರಳಿನ ಕೊಂಬೆಗೆ ಧೂಳು ಕಡಮೆ. ಆ ಧೂಳನ್ನು ನೆನೆದುಕೊಂಡು ನೊರೆಯನ್ನು ಇಡಿರಿ. ಕೊಂಬೆಯ ಮೇಲ್ಭಾಗಕ್ಕೆ ಮಾತ್ರ, ತುದಿಗೆ ಸ್ವಲ್ಪ ದಪ್ಪ, ಕಾಂಡದ ಬಳಿ ತೆಳು, ಅಡಿಗೆ ಏನೂ ಇಲ್ಲ. ಉತ್ತರದ ನಾಡಿನ ಮರಗಳು ಗೋಪುರದ ಆಕಾರದಲ್ಲಿ ಬೆಳೆದು ಕೊಂಬೆಗಳನ್ನು ಕೆಳಕ್ಕೆ ಬಾಗಿಸಿರುತ್ತವೆ. ಭಾರ ಹೆಚ್ಚಾದಾಗ ಹಿಮ ಜಾರಿಬಿದ್ದು ಕೊಂಬೆ ಮುರಿಯದೆ ಉಳಿಯುತ್ತದೆ. ನೀವೂ ಅಲ್ಲಲ್ಲಿ ಒಂದು ಕೊಂಬೆಯನ್ನು ಹಿಮ ಜಾರಿಹೋದಂತೆ ಬರಿದಾಗಿಯೇ ಬಿಡಿರಿ. ಬಿಳುಪು ತೋರಬೇಕಾದರೆ ಹಸುರು ಬೇಕು. ಒಂದು ದಿನ ಮುಟ್ಟದೆ ಬಿಟ್ಟರೆ ನೊರೆಯು ಒಣಗಿ ಗಟ್ಟಿಯಾಗುವುದು.

ಮಿನುಗಿಗಾಗಿ ಉಪ್ಪನ್ನು ಉದುರಿಸಬಹುದೆಂದು ಕೆಲವರು ಹೇಳುತ್ತಾರೆ. ಕಡಲ ಕರೆಯ ನಮ್ಮ ಗಾಳಿಯಲ್ಲಿ ಉಪ್ಪು ನೀರೊಡೆಯುವುದು. ಪಟಿಕ ಮೇಲು. ಹಿರಿಯರೊಬ್ಬರು ಪಕ್ಕದಲ್ಲಿದ್ದು, ಬಿಸಿನೀರಿಗೆ ಪಟಿಕದ ಪುಡಿಯನ್ನು ಕರಗುವಷ್ಟು ಹಾಕಿ, ಗಾಜಿನ ಭರಣಿಗೆ ಬಸಿದು, ಒಣ ರೆಂಬೆಯೊಂದನ್ನು ಪಾತ್ರೆಗೆ ತಗಲದಂತೆ ದಾರದಿಂದ ಇಳಿಬಿಡಲಿ. ನೀರು ತಣಿದಂತೆ ಹೆಚ್ಚಿನ ಪಟಿಕವನ್ನು ಹಿಡಿದಿಡಲಾರದು. ಬೆಳಗಾಗುವಾಗ ರೆಂಬೆಯ ತುಂಬ ಹರಳುಗಳು. ಮಸೂರದ ಗಾಜಿನಲ್ಲಿ ನೋಡಿದರೆ ಅವು ಎಂಟು ಮುಖದ ಹರಳುಗಳು.

ಹಿಮದ ಹರಳಾದರೋ ಆರು ಮೂಲೆಯದು. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ ಒಂದೇ ಒಂದು ಹಿಮದ ಹರಳಿನ ಚಿತ್ರವನ್ನು ತೆಗೆದನು. ಜೀವಮಾನದಲ್ಲಿ ಅಂತಹ ಚಿತ್ರಗಳನ್ನು ಐದು ಸಾವಿರಕ್ಕೂ ಮಿಕ್ಕಿ ತೆಗೆದನು. ಜಪಾನಿನ ವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಶಾಲೆಯಲ್ಲಿಯೇ ಹಿಮದ ಹರಳನ್ನು ಬೆಳೆಸಿದನು. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರರ ಜೋಡಣೆಯಲ್ಲಿ ನಿಲ್ಲುವುದೇ ಇದರ ಮೂಲ. ಆದುದರಿಂದ ಕಾಗದದ ಹೂವನ್ನು ಕತ್ತರಿಸುವಾಗ ಅರ್ಧ, ಅರ್ಧ, ಮತ್ತೆ ಅರ್ಧವೆಂದು ಮಡಿಸಬೇಡಿರಿ. ಎಂಟು ಮೂಲೆ ಬರುವುದು, ಅಂತಹ ಹಿಮ ಎಲ್ಲಿಯೂ ಬೀಳದು. ದುಂಡು ಕಾಗದವನ್ನು ಒಮ್ಮೆ ಅರ್ಧಕ್ಕೆ ಮಡಿಸಿ, ಆ ಅರ್ಧವನ್ನು ಮೂರು ಸಮಪಾಲಾಗಿ ಮಡಿಸಿ ಕತ್ತರಿಸಿರಿ. ಆರು ಸರಿಯಾಗಿ ಬರುವುದು.

ದೀಪದ ಮಾತನ್ನು ಹೇಳಿ ಮುಗಿಸುತ್ತೇನೆ. ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿಯೇ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಎಂಬತ್ತು ವಿದ್ಯುದ್ದೀಪಗಳನ್ನು ಹಾಕಿಸಿದ್ದನು. ಅದಾಗಿ ಎಂಬತ್ತೇಳು ವರ್ಷಗಳ ಬಳಿಕವೂ ನಾನು ಮೇಣದ ಬತ್ತಿ ಹಚ್ಚಿದೆನು. ನಮ್ಮ ಶಾಲೆಗೆ ಆಗ ವಿದ್ಯುತ್ತು ಬಂದಿರಲಿಲ್ಲವೆಂಬುದು ನೆವವಷ್ಟೆ, ಬತ್ತಿಯಿಲ್ಲದೆಯೂ ಮರ ನಿಲ್ಲುತ್ತಿತ್ತು. ಇಂದಿನ ಎಲ್‌ಇಡಿ ಮಾಲೆಗಳು ಹಳೆಯ ಬಲ್ಬುಗಳಿಗಿಂತ ಬಹಳ ಕಡಮೆ ಬಿಸಿಯಾಗುತ್ತವೆ. ಆದರೂ ನೊರೆಯು ಪೂರ್ತಿ ಒಣಗುವವರೆಗೆ ತಂತಿಯನ್ನು ಮರದ ಹತ್ತಿರ ತರಕೂಡದು. ಹೊದಿಕೆ ಹರಿದ ತಂತಿಯನ್ನು ಬಳಸಲೇಕೂಡದು. ಮಲಗುವ ಮುನ್ನ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿಡಬೇಕು. ಪೋಷಕರು ಇದನ್ನು ಮಕ್ಕಳಿಗೆ ಬಿಡದೆ ತಾವೇ ನೋಡಿಕೊಳ್ಳಬೇಕೆಂದು ವಿನಂತಿ. ಬೆಂಕಿಯ ಬತ್ತಿಯನ್ನು ಮರದ ಮೇಲಾಗಲಿ ಹತ್ತಿರವಾಗಲಿ ಯಾರೂ ಹಚ್ಚಬೇಡಿರಿ.

ಜನವರಿ 6ರ ಹಬ್ಬ ಕಳೆದ ಮೇಲೆ ಕೊಂಬೆಯನ್ನು ಅಂಗಳಕ್ಕೆ ತಂದು ಒಣಗಿದ ನೊರೆಯನ್ನು ಬಿಡಿಸಿಕೊಂಡರೆ ಬಟ್ಟೆ ಒಗೆಯಲು ಒದಗುವುದು. ಪಟಿಕವನ್ನು ಬಿಸಿನೀರಿಗೆ ಹಾಕಿ ಮುಂದಿನ ವರ್ಷಕ್ಕೆ ಮತ್ತೆ ಬೆಳೆಸಬಹುದು.

ವೇದಿಕೆಯ ಎಡಬದಿಯಲ್ಲಿರುವ ಮರವನ್ನು ಏಳನೆಯ ತರಗತಿಯ ಮಕ್ಕಳು ನಿನ್ನೆ ಸಂಜೆ ಮಾಡಿದ್ದಾರೆ. ನಾನು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆನಷ್ಟೆ. ಈಗ ಮುಂದಿನ ಸಾಲಿನ ಚಿಕ್ಕ ಮಕ್ಕಳು ಇಬ್ಬಿಬ್ಬರಾಗಿ ಬಂದು ನೋಡಬಹುದು. ಮುಟ್ಟಬೇಡಿರಿ, ಮೇಲಿನ ಕೊಂಬೆಗಳಲ್ಲಿ ನೊರೆ ಇನ್ನೂ ಹಸಿಯಾಗಿದೆ.