ಜೂನ್ ಒಂದು, ಆರ್‌ಡಿ ನಂಬರ್ ಮತ್ತು ಟಿಸಿ

ಚಿತ್ರದುರ್ಗ ಸೀಮೆಯಲ್ಲಿ ಐವತ್ತು ದಾಟಿದವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡಿದರೆ, ಹುಟ್ಟಿದ ದಿನಾಂಕದ ಜಾಗದಲ್ಲಿ ಜೂನ್ 1 ಎಂದಿರುವವರು ಒಬ್ಬಿಬ್ಬರಲ್ಲ. ಅಷ್ಟೊಂದು ಮಕ್ಕಳು ಒಂದೇ ದಿನ ಹುಟ್ಟಿರಲಿಲ್ಲ. ಅವ್ವ ಮಗುವನ್ನು ಕೈಹಿಡಿದು ಸಾಲೆಗೆ ಕರೆತರುತ್ತಿದ್ದಳು. ಊರಮ್ಮನ ಜಾತ್ರೆ ಕಳೆದ ಮೇಲೆ ಹುಟ್ಟಿದ್ದು ಎನ್ನುತ್ತಿದ್ದಳು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ಎಟುಕಿದರೆ ವಯಸ್ಸು ಸಾಲುವಂತೆ ವರ್ಷ ಕೂಡಿಸಿ, ದಾಖಲಾತಿ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದು ಮಗುವನ್ನು ಒಳಗೆ ಕೂರಿಸುತ್ತಿದ್ದರು. ಜಾತಿಯ ಕಾರಣಕ್ಕೆ, ಬಡತನದ ಕಾರಣಕ್ಕೆ ಹೊರಗುಳಿದವರು ಆಗ ಬಹಳ ಮಂದಿ ಇದ್ದರು. ಆದರೆ ಕಾಗದ ಇಲ್ಲವೆಂಬ ಒಂದೇ ಕಾರಣಕ್ಕೆ ಬಾಗಿಲಿಂದ ವಾಪಸ್ ಹೋದವರು ಕಡಿಮೆ.

ಕೋಟೆ, ಪಾಳೆಯಗಾರರು, ಮಾರಿಕಣಿವೆ ಅಣೆಕಟ್ಟು ವಿಷಯವಾಗುವ ಜಿಲ್ಲೆಯ ಉಪನ್ಯಾಸ ಮಾಲೆಗಳಲ್ಲಿ ಸಾಲೆಯ ಅರ್ಜಿಗೂ ಒಂದು ಸಂಜೆ ಸಲ್ಲಬೇಕು. ಈ ಜಿಲ್ಲೆಯ ಸಂಸ್ಕೃತಿಯ ದೊಡ್ಡ ಪಾಲು ಸಾಲೆಯಿಂದಲೇ ಬಂದದ್ದು. ಸಿರಿಗೆರೆಯ ತರಳಬಾಳು ಮಠವಾಗಲಿ ದುರ್ಗದ ಮುರುಘಾ ಮಠವಾಗಲಿ ಸಾಲೆ ತೆರೆದು, ಹಾಸ್ಟೆಲ್ ನಡೆಸಿ ಹಳ್ಳಿಯ ಮಕ್ಕಳನ್ನು ಓದಿಸಿದವು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಸಾಲೆಯ ಪಕ್ಕದಲ್ಲೇ ರಂಗಭೂಮಿ ಬೆಳೆಯಿತು. ಆಗಿನ ಪೋಷಕರ ಮುಂದೆ ಇದ್ದ ಪ್ರಶ್ನೆ ಮಗುವನ್ನು ಕಳಿಸಬೇಕೋ ಬೇಡವೋ ಎಂಬುದು. ಈಗಿನವರ ಪ್ರಶ್ನೆ ಎಲ್ಲಿಗೆ ಕಳಿಸುವುದು ಎಂಬುದು. ಆ ಆಯ್ಕೆ ತಮ್ಮ ಕೈಯಲ್ಲಿದೆ ಎಂದು ಅವರು ನಂಬಿದ್ದಾರೆ. ನಿಜದಲ್ಲಿ ಅದು ಯಾವ ದಿನಾಂಕದೊಳಗೆ ಯಾವ ಕಾಗದ ಬೇಕೆಂದು ಮೊದಲೇ ಗೊತ್ತಿರುವವರ ಕೈಗೆ ಹೋಗಿಬಿಟ್ಟಿದೆ.

ಒಂದನೇ ತರಗತಿಯ ವಯಸ್ಸಿನ ವಿಷಯವನ್ನೇ ನೋಡಬಹುದು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶ ಹೊರಡಿಸಿತು. ಅದಕ್ಕೆ ಮೊದಲು 5 ವರ್ಷ 5 ತಿಂಗಳಾಗಿದ್ದರೆ ಸಾಕಿತ್ತು. ಪೋಷಕರು ಗಾಬರಿಯಾದಾಗ, ಅದೇ ವರ್ಷದ ಕೊನೆಗೆ, ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಅಷ್ಟರಲ್ಲಿ ಹಳೆಯ ಲೆಕ್ಕ ನಂಬಿ ಎಲ್‌ಕೆಜಿಗೆ ಸೇರಿಸಿದವರ ಮಕ್ಕಳು 2025ರಲ್ಲಿ ಯುಕೆಜಿ ಮುಗಿಸಿ ನಿಂತರು. ಕೆಲವರಿಗೆ ಒಂದು ತಿಂಗಳು ಕಡಿಮೆ, ಜೂನ್ 2ರಂದು ಹುಟ್ಟಿದ ಕೂಸಿಗೆ ಒಂದೇ ದಿನ ಕಡಿಮೆ. ಏಪ್ರಿಲ್ ಮಧ್ಯದಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಪ್ರಕಟಿಸಿದರು.

ಆರು ವರ್ಷದ ನಿಯಮ ತಪ್ಪೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಲೆಕ್ಕವೂ ಅದೇ, ಎಳೆಯ ಮಗುವಿನ ಮೇಲೆ ಭಾರ ಹೇರಬಾರದೆಂಬ ಮಾತಿನಲ್ಲೂ ತಿರುಳಿದೆ. ನೋವಿನ ಸಂಗತಿಯೆಂದರೆ ಮೂರು ವರ್ಷದ ಹೊಯ್ದಾಟದ ಬೆಲೆ ತೆತ್ತವರು ಪೋಷಕರು. ಸಡಿಲಿಕೆ ಬರುವಷ್ಟರಲ್ಲಿ ಮತ್ತೊಂದು ವರ್ಷದ ಯುಕೆಜಿಗೆ ಫೀಸು ಕಟ್ಟಿದವರ ದುಡ್ಡಿನ ಬಗ್ಗೆ ಕೇಳುವವರು ಯಾರೂ ಇರಲಿಲ್ಲ.

ವಯಸ್ಸಿನ ಹಾಗೆಯೇ ಸೀಟಿನ ಕತೆಯೂ. ಶಿಕ್ಷಣ ಹಕ್ಕು ಕಾಯ್ದೆ, ಊರಿನವರ ಬಾಯಲ್ಲಿ ಆರ್‌ಟಿಇ, 2009ರದು. ಅದರ 12(1)(ಸಿ) ಕಲಮಿನ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಬಿಟ್ಟುಕೊಡಬೇಕು, ಫೀಸನ್ನು ಸರ್ಕಾರ ಕಟ್ಟಿಕೊಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದ ಮೇಲೆ ಕೂಲಿಯವರ, ಆಟೊ ಓಡಿಸುವವರ ಮಕ್ಕಳಿಗೂ 'ಕಾನ್ವೆಂಟ್' ಬಾಗಿಲು ತೆರೆಯಿತು. ಅರ್ಜಿ ಹಾಕುವ ದಿನಗಳಲ್ಲಿ ನಾಡಕಚೇರಿಗಳ ಮುಂದೆ ಜನ ಸೇರುತ್ತಿದ್ದರು. ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಇಲ್ಲದೆ ಆನ್‌ಲೈನ್ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಆಧಾರಿನಲ್ಲಿ ಅಪ್ಪನ ಇನಿಷಿಯಲ್ ಮುಂದೆ, ಜನನ ಪ್ರಮಾಣಪತ್ರದಲ್ಲಿ ಹಿಂದೆ; ಒಂದರಲ್ಲಿ 'ತಿಪ್ಪೇಸ್ವಾಮಿ', ಇನ್ನೊಂದರಲ್ಲಿ 'ತಿಪ್ಪೇಸ್ವಾಮಪ್ಪ'. ಸರ್ವರ್ ಇಲ್ಲ, ನಾಳೆ ಬನ್ನಿ. ಧರ್ಮಪುರದಿಂದ ಹಿರಿಯೂರಿಗೆ, ಶ್ರೀರಾಂಪುರದಿಂದ ಹೊಸದುರ್ಗಕ್ಕೆ, ತಾಳ್ಯದಿಂದ ಹೊಳಲ್ಕೆರೆಗೆ ಒಂದು ತಿದ್ದುಪಡಿಗೆಂದು ಬಸ್ಸು ಹತ್ತಿದರೆ ಆ ದಿನದ ಕೂಲಿ ಹೋದಂತೆಯೇ.

2019ರಲ್ಲಿ ಆ ಬಾಗಿಲೂ ಬಹುಪಾಲು ಮುಚ್ಚಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದು ರಾಜ್ಯ ಸರ್ಕಾರ ನಿಯಮ ತಿದ್ದಿತು. ಅದೇ ವರ್ಷದ ಮೇ ಕೊನೆಗೆ ಹೈಕೋರ್ಟ್ ಅದನ್ನು ಒಪ್ಪಿತು. ರಾಜ್ಯದಲ್ಲಿ ಲಕ್ಷ ದಾಟಿದ್ದ ಸೀಟುಗಳು ಆ ವರ್ಷವೇ ಇಪ್ಪತ್ತು ಸಾವಿರದೊಳಗೆ ಇಳಿದವು. ಊರೂರಿಗೆ ಸರ್ಕಾರಿ ಸಾಲೆ ಇರುವ ಇಂಥ ಜಿಲ್ಲೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸರ್ಕಾರದ ವಾದವೂ ತಳ್ಳಿಹಾಕುವಂಥದ್ದಲ್ಲ: ತನ್ನ ಸಾಲೆಯ ಕೊಠಡಿ ಖಾಲಿ ಬಿಟ್ಟು ಖಾಸಗಿಯವರಿಗೆ ಹಣ ತುಂಬುವುದು ಎಷ್ಟು ದಿನ? ಆದರೆ ಉಳಿದ ಹಣದಲ್ಲಿ ಪಕ್ಕದ ಸರ್ಕಾರಿ ಸಾಲೆಗೆ ಖಾಯಂ ಮೇಷ್ಟ್ರು ಬಂದರೇ ಎಂದು ಪೋಷಕರು ಕೇಳುವುದು ನ್ಯಾಯ. ಒಬ್ಬರೇ ಮೇಷ್ಟ್ರು ಐದು ತರಗತಿ ನಡೆಸುವ ಸಾಲೆಯನ್ನು ತೋರಿಸಿ, ನಿಮಗೆ ಹತ್ತಿರದಲ್ಲೇ ಸಾಲೆ ಇದೆಯಲ್ಲ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಇಂಗ್ಲಿಷ್ ಮಾಧ್ಯಮದ ವಿಷಯದಲ್ಲಿ ಮಾತ್ರ ತೀರ್ಮಾನ ಪೋಷಕರ ಕಡೆಗೆ ಬಂದಿದೆ. ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕೆಂಬ 1994ರ ಸರ್ಕಾರಿ ಆದೇಶದ ಮೇಲೆ ನಡೆದ ಮೊಕದ್ದಮೆ 2014ರ ಮೇ 6ರಂದು ಮುಗಿಯಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ. ಐದು ವರ್ಷ ಕಳೆಯುವಷ್ಟರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಿತು. ಹಳದಿ ವ್ಯಾನು ಹತ್ತಿಸಿ ಮಗುವನ್ನು ಪೇಟೆಗೆ ಕಳಿಸುವ ತಾಯಿಯನ್ನು ಕನ್ನಡದ ದ್ರೋಹಿ ಎನ್ನುವುದು ಅನ್ಯಾಯ. ತನ್ನೂರಿನ ಸಾಲೆಯಲ್ಲಿ ಪಾಠ ನಡೆಯುತ್ತದೆಂಬ ಭರವಸೆ ಇದ್ದಿದ್ದರೆ ಆಕೆ ಆ ಖರ್ಚಿಗೆ ಇಳಿಯುತ್ತಿರಲಿಲ್ಲ.

ಆ ವ್ಯಾನು ಹತ್ತಿಸುವಾಗ ಆಕೆಗೆ ಯಾರೂ ಹೇಳದ ಇನ್ನೊಂದು ಮಾತಿದೆ. ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, 80 ಸೀಟು, ಊಟ ವಸತಿ ಉಚಿತ. ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಗ್ರಾಮೀಣ ಎನ್ನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿ ಹಳ್ಳಿಯ ಸಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದು ದಿನ ಪೇಟೆಯ ಸಾಲೆಯಲ್ಲಿ ಕಳೆದಿದ್ದರೂ ಮಗು ನಗರದ ಲೆಕ್ಕಕ್ಕೆ ಸೇರುತ್ತದೆ. ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಪರೀಕ್ಷೆ ಬರೆಯಲು ಅವಕಾಶ ಒಂದೇ ಸಲ. ಹಾಗಾಗಿ ಮೂರನೇ ತರಗತಿಗೆ ಮಗಳನ್ನು ಹೊಸದುರ್ಗ ಪೇಟೆಗೆ ಸೇರಿಸಿದ ತಂದೆ, ಐದನೇ ತರಗತಿಗೆ ಮಗನನ್ನು ದಾವಣಗೆರೆಯ ಅತ್ತೆ ಮನೆಯಲ್ಲಿ ಬಿಟ್ಟ ತಾಯಿ, ಇಬ್ಬರೂ ಒಳ್ಳೆಯದನ್ನೇ ಬಯಸಿ ಒಂದು ದೊಡ್ಡ ಅವಕಾಶವನ್ನು ಕೈಬಿಟ್ಟಿರುತ್ತಾರೆ. ಸಾಲೆ ಬದಲಿಸುವ ದಿನವೇ ಇದನ್ನು ಹೇಳುವುದು ಹೆಡ್‌ಮೇಷ್ಟ್ರ ಕರ್ತವ್ಯವಾಗಬೇಕಿತ್ತು.

ಟಿಸಿಯ, ಅಂದರೆ ವರ್ಗಾವಣೆ ಪತ್ರದ, ವಿಷಯ ಇನ್ನೂ ಕಠಿಣ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ತಾಂಡಾಗಳಿಂದ ಕುಟುಂಬಗಳು ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಗು ಮಧ್ಯದಲ್ಲಿ ಸಾಲೆ ಬಿಡುತ್ತದೆ, ಮಧ್ಯದಲ್ಲಿ ಸೇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇವರಿಗಾಗಿಯೇ ಬರೆದಂತಿದೆ: ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಟಿಸಿ ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ. 14ನೇ ಕಲಮು ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸಬಾರದು ಎನ್ನುತ್ತದೆ. ಆದರೆ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಹಳೆಯ ಸಾಲೆ ಮಗುವಿನ ಹೆಸರನ್ನು ಬಿಟ್ಟುಕೊಡದಿದ್ದರೆ ಹೊಸ ಸಾಲೆಯ ಪಟ್ಟಿಗೆ ಅದು ಏರುವುದಿಲ್ಲ. ಬಾಕಿ ಫೀಸು ಕಟ್ಟುವ ತನಕ ಟಿಸಿ ಹಿಡಿದಿಟ್ಟುಕೊಳ್ಳುವ ಖಾಸಗಿ ಶಾಲೆಗಳಿಗೆ ಇದೇ ಅನುಕೂಲ. ಮಗು ತರಗತಿಯಲ್ಲಿ ಕೂತಿರುತ್ತದೆ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅಂಥ ಮಗುವಿಗೆ ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನ ಎಲ್ಲದರಲ್ಲೂ ತಕರಾರು.

ಇಂಥ ತಕರಾರುಗಳಿಗೆ ದೂರು ಕೊಡುವುದೆಲ್ಲಿ? ಇಂಗ್ಲೆಂಡಿನಲ್ಲಿ ಪೋಷಕರು ಕೇಳಿದ ಸಾಲೆ ಸಿಗದಿದ್ದರೆ ಕಾರಣವನ್ನು ಬರೆದು ಕೊಡಬೇಕು. ಅದರ ಮೇಲೆ ಸ್ವತಂತ್ರ ಮಂಡಳಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ಕಾಯ್ದೆಯ 32ನೇ ಕಲಮಿನಲ್ಲೂ ಲಿಖಿತ ದೂರಿಗೆ ಅವಕಾಶವಿದೆ. ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಜೂನ್‌ನಲ್ಲಿ ದೂರು ಕೊಟ್ಟವರ ಮಗುವಿಗೆ ಮೂರು ತಿಂಗಳೆಂದರೆ ದಸರಾ ರಜೆ ಹತ್ತಿರ ಬಂದಂತೆ. ಈ ಅವಧಿ ಮೂರು ವಾರಕ್ಕೆ ಇಳಿಯಬೇಕು. ಅದಕ್ಕಿಂತ ಮೊದಲಿನ ತೊಡಕೆಂದರೆ ದೂರಿಗೆ ಆಧಾರವೇ ಸಿಗದಿರುವುದು. ಸೀಟಿಲ್ಲ ಎಂಬ ಮಾತು ಯಾವಾಗಲೂ ಬಾಯಲ್ಲೇ ಬರುತ್ತದೆ. ಹಾಗಂತ ಬರೆದುಕೊಡಿ ಸಾರ್ ಎಂದು ಕೇಳುವ ಧೈರ್ಯ, ಮಗು ನಾಳೆ ಅದೇ ಸಾಲೆಯಲ್ಲಿ ಓದಬೇಕೆಂಬ ಅಂಜಿಕೆಯಲ್ಲಿ ಕರಗುತ್ತದೆ.

ಒಬ್ಬೊಬ್ಬರೇ ಕೇಳಲಾಗದ್ದನ್ನು ಸಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಕೇಳಬಹುದು. ಕರ್ನಾಟಕ ಈ ಸಮಿತಿಗಳನ್ನು 2001ರಲ್ಲೇ, ಕೇಂದ್ರದ ಕಾಯ್ದೆಗಿಂತ ಎಂಟು ವರ್ಷ ಮೊದಲು, ರಚಿಸಿತು. ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೂ ಹೇಳುತ್ತದೆ. ಸುಣ್ಣಬಣ್ಣದ ಬಿಲ್ಲಿಗೆ ಸಹಿ, ಆಗಸ್ಟ್ 15ಕ್ಕೆ ಸಿಹಿ ಹಂಚಿಕೆ ಇಷ್ಟಕ್ಕೇ ಅದು ನಿಲ್ಲಬೇಕಾಗಿಲ್ಲ. ಫೆಬ್ರುವರಿಯಲ್ಲೇ ಒಂದು ಸಭೆ ಕರೆದು, ಯಾರ ಮನೆಯ ಮಗುವಿಗೆ ಜೂನ್ 1ಕ್ಕೆ ಎಷ್ಟು ವಯಸ್ಸು, ಯಾರ ಜಾತಿ ಆದಾಯ ಪತ್ರ ಇನ್ನೂ ಆಗಿಲ್ಲ, ನವೋದಯಕ್ಕೆ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಯಾವ ಮಕ್ಕಳು ಪರೀಕ್ಷೆ ಬರೆಯಬಹುದು, ಯಾವ ಮನೆ ಗುಳೆ ಹೋಗಲಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅರ್ಧ ಓಡಾಟ ತಪ್ಪುತ್ತದೆ. ಹೆಸರಿನ ತಿದ್ದುಪಡಿಗೆ ಹೋಬಳಿಗೊಂದು ದಿನ ಗೊತ್ತುಮಾಡಿ ಸಿಬ್ಬಂದಿಯೇ ಸಾಲೆಗೆ ಬರಲಿ ಎಂದು ಸಮಿತಿ ಠರಾವು ಮಾಡಿ ಬಿಇಒ ಮತ್ತು ತಹಶೀಲ್ದಾರರ ಕಚೇರಿಗೆ ಕೊಡಬಹುದು. ಕೊಟ್ಟ ಮೇಲೆ ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೇ ಹೊರಡಬೇಕು.