ಚೊಚ್ಚಲ ಕುದುರೆ ಮರಿ ಹಾಕುವ ಮುನ್ಸೂಚನೆ



ಸುಗ್ಗಿ ಮುಗಿದ ಮೇಲೆ ಸೊರಟೂರ ಸುತ್ತಿನ ಹೊಲಗಳಿಗೆ ಬರುವ ಕುರಿಗಾರರ ಬಿಡಾರವನ್ನು ಹೊತ್ತು ತರುವುದು ಕುದುರೆ. ಅದು ಚೊಚ್ಚಲ ಗಬ್ಬವಾಗಿದ್ದರೆ ಎಂದು, ಎಲ್ಲಿ ತಂಗಬೇಕೆಂಬುದೇ ಚಿಂತೆ.

ಕುದುರೆಯ ಗಬ್ಬದ ಅವಧಿ ಸುಮಾರು 340 ದಿನ; 320ರಿಂದ 365 ದಿನವೂ ಆಗಬಹುದು. ಕೊನೆಯ ತಿಂಗಳುಗಳಲ್ಲಿ ಹೇರು ಹಾಕಬಾರದು. 320 ದಿನ ತುಂಬಿದ ಮೇಲೆ ದಿನಕ್ಕೆರಡು ಸಲ ಪರೀಕ್ಷಿಸಬೇಕು.

ಸಾಮಾನ್ಯವಾಗಿ ಮರಿ ಹಾಕುವ 2ರಿಂದ 4 ವಾರ ಮೊದಲು ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡ ಸಡಿಲಾಗುತ್ತದೆ. ಕೊನೆಯ 1ರಿಂದ 4 ದಿನಗಳಲ್ಲಿ ಮೊಲೆತುದಿಗೆ ಮೇಣದಂಥ ಹನಿ ಕಟ್ಟುತ್ತದೆ. ಆದರೆ ಚೊಚ್ಚಲ ಕುದುರೆಗೆ ಕೆಚ್ಚಲು ಕೊನೆಯ ಕೆಲವೇ ದಿನಗಳಲ್ಲಿ ತುಂಬಬಹುದು. ಮೇಣ ಕಾಣದೆಯೂ ಇರಬಹುದು. ಕೆಚ್ಚಲು ತುಂಬಿಲ್ಲವೆಂದು ಮುಂದಿನ ಊರಿಗೆ ಹೊರಟರೆ ದಾರಿಯಲ್ಲೇ ಮರಿ ಹಾಕೀತು.

ಬಹುತೇಕ ಕುದುರೆಗಳು ರಾತ್ರಿಯೇ ಮರಿ ಹಾಕುತ್ತವೆ. ಬೆವರು, ಚಡಪಡಿಕೆ ಕಂಡರೆ ಹತ್ತಿರ ಗದ್ದಲ ಬೇಡ. ನೀರು ಒಡೆದ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ತಡವಾದರೆ ಪಶುವೈದ್ಯರನ್ನು ಕರೆಸಿರಿ. ಮೊದಲಿಗೆ ಕೆಂಪು ಚೀಲವೇ ಕಂಡರೆ ಮಾತ್ರ ವೈದ್ಯರಿಗಾಗಿ ಕಾಯದೆ ಕೂಡಲೇ ಚೀಲ ಹರಿದು, ಮರಿ ಹೊರಬರಲು ನೆರವಾಗಬೇಕು. ಮರಿ 1 ಗಂಟೆಯಲ್ಲಿ ನಿಂತು, 2 ಗಂಟೆಯಲ್ಲಿ ಹಾಲು ಕುಡಿಯಬೇಕು. 3 ಗಂಟೆಯೊಳಗೆ ಮಾಸು ಬೀಳಬೇಕು.

ಹೊಲದವರು ಅಂಥ ಬಿಡಾರಕ್ಕೆ ನಾಲ್ಕು ದಿನ ಹೆಚ್ಚು ಜಾಗ ಕೊಡಲಿ. ಹೊಲಕ್ಕೆ ಗೊಬ್ಬರವೂ ಆದೀತು, ಮರಿಯೂ ಉಳಿದೀತು.