ಹರಿವಿನ ಲೆಕ್ಕ, ಹಗ್ಗದ ಅಳತೆ: ಜೀವರಕ್ಷಣೆಯ ಮೂಲಕ ಮಕ್ಕಳಿಗೆ ಗಣಿತ

(ಮುನಿರಾಬಾದ್‌ನಲ್ಲಿ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸಮುದ್ರ ತೀರದ ದೇಶಗಳಲ್ಲಿ ಶಾಲಾ ಮಕ್ಕಳಿಗೆ ರಕ್ಷಣಾ ದೋಣಿಯ ಲೆಕ್ಕಗಳನ್ನು ಕೊಡುವ ಪದ್ಧತಿಯಿದೆ. ಮುಳುಗುತ್ತಿರುವ ಹಡಗು ಎಷ್ಟು ದೂರದಲ್ಲಿದೆ, ದೋಣಿಯ ವೇಗವೆಷ್ಟು, ತಲುಪಲು ಎಷ್ಟು ನಿಮಿಷ ಬೇಕು ಎಂಬ ಪ್ರಶ್ನೆಗಳ ಮೂಲಕ ದೂರ, ವೇಗ, ಕಾಲಗಳ ಸಂಬಂಧವನ್ನು ಕಲಿಸಲಾಗುತ್ತದೆ. 1824ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಸಂಸ್ಥೆಯು ಜೀವರಕ್ಷಣೆಯೊಂದಿಗೆ ಶಾಲಾ ಶಿಕ್ಷಣದ ಕಾರ್ಯವನ್ನೂ ನಡೆಸುತ್ತದೆ.

ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ನೀರಿನ ಅಪಾಯಕ್ಕೆ ಸಮುದ್ರವೇ ಬೇಕಿಲ್ಲ. ಮುನಿರಾಬಾದ್‌ನಲ್ಲಿ ತುಂಗಭದ್ರಾ ಜಲಾಶಯವಿದೆ. ಅಲ್ಲಿಂದ ಹೊರಟ ಎಡದಂಡೆ ಮುಖ್ಯ ಕಾಲುವೆಯು ಗಂಗಾವತಿ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸಿ ರಾಯಚೂರಿನತ್ತ ಸಾಗುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದ ಒಣಭೂಮಿಯಲ್ಲಿ ಕೆರೆಗಳಿವೆ, ಕಲ್ಲು ತೆಗೆದ ಗುಂಡಿಗಳಿವೆ, ಕೃಷಿ ಹೊಂಡಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ನೇ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟಿದ್ದಾರೆ. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ವಿಶ್ವ ಮುಳುಗುವಿಕೆ ತಡೆ ದಿನವೆಂದು ಘೋಷಿಸಿತು.

ಇಂತಹ ದುರಂತಗಳಲ್ಲಿ ಅತ್ಯಂತ ದುಃಖಕರವಾದ ಒಂದು ಬಗೆಯಿದೆ. ಒಂದು ಮಗು ಜಾರಿ ಬೀಳುತ್ತದೆ, ಅದನ್ನು ಉಳಿಸಲು ಅಣ್ಣನೋ ಗೆಳೆಯನೋ ನೀರಿಗೆ ಹಾರುತ್ತಾನೆ, ಇಬ್ಬರೂ ಮರಳುವುದಿಲ್ಲ. "ನೀರಿಗೆ ಇಳಿಯಬೇಡ" ಎಂದು ಹಿರಿಯರು ನೂರು ಬಾರಿ ಹೇಳಿದರೂ ಆ ಕ್ಷಣದಲ್ಲಿ ಮಗುವಿಗೆ ಅದು ನೆನಪಿಗೆ ಬಾರದು. ಆದರೆ ಏಕೆ ಇಳಿಯಬಾರದು ಎಂಬುದನ್ನು ತಾನೇ ಲೆಕ್ಕ ಮಾಡಿ ಕಂಡುಕೊಂಡ ಮಗು, ಹಾರುವ ಬದಲು ಹಗ್ಗವನ್ನು ಹುಡುಕುವ ಸಂಭವ ಹೆಚ್ಚು. ಇಂದಿನ ವಿಷಯದ ತಿರುಳು ಇಷ್ಟೇ.

ಮೊದಲನೆಯದು ಹರಿವಿನ ಲೆಕ್ಕ. ಹೊಲಗಾಲುವೆಯ ದಂಡೆಯ ಮೇಲೆ 20 ಮೀಟರ್ ಅಳೆದು ಎರಡು ಗೂಟ ನೆಡಬೇಕು. ಮೇಲಿನ ಗೂಟದ ಬಳಿ ಒಂದು ಒಣ ಕಡ್ಡಿಯನ್ನು ತೇಲಿಬಿಟ್ಟು, ಕೆಳಗಿನ ಗೂಟ ತಲುಪಲು ಹಿಡಿದ ಸಮಯವನ್ನು ಎಣಿಸಬೇಕು. 10 ಸೆಕೆಂಡು ಹಿಡಿದರೆ ಹರಿವಿನ ವೇಗ ಸೆಕೆಂಡಿಗೆ 2 ಮೀಟರ್. ಇದು ಹೆಚ್ಚೇನಲ್ಲ ಎಂದು ಮಕ್ಕಳಿಗೆ ಅನ್ನಿಸಬಹುದು. ಆಗ ಇನ್ನೊಂದು ಸಂಖ್ಯೆಯನ್ನು ಕೊಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್ ದೂರವನ್ನು 46.40 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆ ಸ್ಥಾಪಿಸಿದರು. ಭಾಗಿಸಿದರೆ ಅವರ ವೇಗ ಸೆಕೆಂಡಿಗೆ ಸುಮಾರು 2.16 ಮೀಟರ್. ಅಂದರೆ ಅಂತಹ ಈಜುಗಾರರೂ ಈ ಹರಿವಿಗೆ ಎದುರಾಗಿ ಈಜಿದರೆ ನಿಂತಲ್ಲಿಯೇ ನಿಂತಂತೆ. ಇನ್ನು ಸೆಕೆಂಡಿಗೆ ಅರ್ಧ ಮೀಟರ್ ಈಜಬಲ್ಲ ಬಾಲಕನು 20 ಮೀಟರ್ ಅಗಲದ ಕಾಲುವೆಯನ್ನು ನೇರವಾಗಿ ದಾಟಲು 40 ಸೆಕೆಂಡು ಬೇಕು. ಅಷ್ಟರಲ್ಲಿ ನೀರು ಅವನನ್ನು 80 ಮೀಟರ್ ಕೆಳಕ್ಕೆ ಒಯ್ದಿರುತ್ತದೆ.

ಇದೇ ಲೆಕ್ಕವು ಏನು ಮಾಡಬೇಕೆಂಬುದನ್ನೂ ತಿಳಿಸುತ್ತದೆ. ಬಿದ್ದವನ ಹಿಂದೆ ಓಡುವುದಕ್ಕಿಂತ, ಹರಿವಿನ ಕೆಳಗಡೆ ಇರುವವರನ್ನು ಕೂಗಿ ಎಚ್ಚರಿಸುವುದು ಮೇಲು. 60 ಮೀಟರ್ ಕೆಳಗೆ ನಿಂತವನಿಗೆ ಹಗ್ಗ ಸಿದ್ಧಪಡಿಸಲು 30 ಸೆಕೆಂಡು ದೊರೆಯುತ್ತದೆ.

ಎರಡನೆಯದು ತೇಲುವಿಕೆಯ ಲೆಕ್ಕ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಮುಚ್ಚಳ ಬಿಗಿದ 10 ಲೀಟರ್ ಖಾಲಿ ಕ್ಯಾನ್ ನೀರಿನಲ್ಲಿ ಪೂರ್ತಿ ಮುಳುಗಿದಾಗ ನೀರು ಅದನ್ನು 10 ಕಿಲೋಗ್ರಾಂ ತೂಕದಷ್ಟು ಮೇಲಕ್ಕೆ ಒತ್ತುತ್ತದೆ. ಖಾಲಿ ಕ್ಯಾನ್ ಗಾಳಿಗೆ ಹಾರಿ ದೂರ ಬೀಳದು. ಆದುದರಿಂದ ಒಳಗೆ ಒಂದು ಲೀಟರ್ ನೀರು ಹಾಕಿ ಎಸೆಯಬೇಕು. ಕ್ಯಾನಿನ ತೂಕ ಅರ್ಧ ಕಿಲೋಗ್ರಾಂ ಎಂದಿಟ್ಟುಕೊಂಡರೆ ಉಳಿಯುವ ಆಸರೆ ಎಷ್ಟು? ಎಂಟೂವರೆ ಕಿಲೋಗ್ರಾಂ. ಮನುಷ್ಯನ ತಲೆಯ ತೂಕ ಸುಮಾರು 4ರಿಂದ 5 ಕಿಲೋಗ್ರಾಂ. ಮೈ ನೀರಿನೊಳಗಿದ್ದು ಮುಖ ಮಾತ್ರ ಮೇಲಿರಲು ಇಷ್ಟು ಆಸರೆ ಸಾಕಾಗುತ್ತದೆ. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹಿರಿಯರು ಅನುಭವದಿಂದ ಅರಿತಿದ್ದನ್ನು ಮಕ್ಕಳು ಕೂಡು-ಕಳೆಯುವ ಲೆಕ್ಕದಿಂದ ಅರಿಯುತ್ತಾರೆ.

ಮೂರನೆಯದು ಕೃಷಿ ಹೊಂಡದ ಲೆಕ್ಕ. ಇದು ಒಣಭೂಮಿಯ ಪಂಚಾಯತಿಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಬದಿಯಲ್ಲಿ ಒದ್ದೆ ಕಾಲು ನಿಲ್ಲದು. 3 ಮೀಟರ್ ಆಳ, ಬದಿಯ ಇಳಿಜಾರು ಅಡ್ಡಕ್ಕೂ 3 ಮೀಟರ್ ಇದ್ದಲ್ಲಿ, ಇಳಿಜಾರಿನ ಉದ್ದವೆಷ್ಟು? ಎಂಟನೆಯ ತರಗತಿಯ ಮಗು ಪೈಥಾಗೊರಸ್ ಪ್ರಮೇಯದಿಂದ ಸುಮಾರು 4.24 ಮೀಟರ್ ಎಂದು ಹೇಳಬಲ್ಲದು. ಹಾಗಾದರೆ ದಡದ ಗೂಟಕ್ಕೆ ಕಟ್ಟಿ ಬಿಡುವ ಹಗ್ಗ ನಾಲ್ಕೂವರೆ ಮೀಟರಿಗೆ ಕಡಿಮೆ ಇರಬಾರದು. ಕೈ ಹಿಡಿತಕ್ಕೆ 30 ಸೆಂಟಿಮೀಟರಿಗೊಂದು ಗಂಟು ಹಾಕಿದರೆ ಎಷ್ಟು ಗಂಟು? ಐದನೆಯ ತರಗತಿಯ ಮಗು 15 ಎನ್ನುತ್ತದೆ. ಒಂದೇ ಹಗ್ಗ ಎರಡು ತರಗತಿಗಳ ಪಾಠವಾಯಿತು. ಹೊಂಡಕ್ಕೂ ಒಂದು ರಕ್ಷಣೆ ದೊರೆಯಿತು.

ನಾಲ್ಕನೆಯದು ದೋಣಿಯ ಲೆಕ್ಕ. 2019ರ ಆಗಸ್ಟ್‌ನಲ್ಲಿ ನದಿ ತುಂಬಿ ಹರಿದಾಗ ವಿರೂಪಾಪುರ ಗಡ್ಡಿಯಲ್ಲಿ ಪ್ರವಾಸಿಗರು ಸಿಲುಕಿಕೊಂಡಿದ್ದು, ರಕ್ಷಣಾ ಪಡೆಗಳು ಅವರನ್ನು ಹೊರತಂದಿದ್ದು ಸದಸ್ಯರಿಗೆ ತಿಳಿದಿದೆ. ಮಕ್ಕಳಿಗೆ ಹೀಗೆ ಕೇಳಬಹುದು: 120 ಜನರಿದ್ದಾರೆ, ದೋಣಿಯಲ್ಲಿ ಒಮ್ಮೆಗೆ 8 ಜನ, ಹೋಗಿ ಬರಲು 15 ನಿಮಿಷ. ಒಂದೇ ದೋಣಿಯಾದರೆ 15 ಸುತ್ತು, 3 ಗಂಟೆ 45 ನಿಮಿಷ. ಮೂರು ದೋಣಿಗಳಾದರೆ 1 ಗಂಟೆ 15 ನಿಮಿಷ. ಕತ್ತಲಾಗಲು ಎರಡು ಗಂಟೆ ಉಳಿದಿದ್ದರೆ ಎಷ್ಟು ದೋಣಿ ತರಿಸಬೇಕು? ಮೊದಲು ಯಾರನ್ನು ಕಳುಹಿಸಬೇಕು? ಕೊನೆಯ ಪ್ರಶ್ನೆಗೆ ಗಣಿತ ಉತ್ತರಿಸದು. ಆದರೆ ಆ ಚರ್ಚೆಯೂ ಶಿಕ್ಷಣವೇ.

ಐದನೆಯ ಲೆಕ್ಕವು ಇದೇ ಮುನಿರಾಬಾದ್‌ನದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ಒಂದು ದ್ವಾರದಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಹೋಗುತ್ತಿತ್ತು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ ಸುಮಾರು 3 ಟಿಎಂಸಿ. ರೈತರ ಬೆಳೆಯ ನೀರು ಹೀಗೆ ಹರಿದುಹೋಗುತ್ತಿದ್ದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅಳವಡಿಸಿ ದ್ವಾರವನ್ನು ಮುಚ್ಚಲಾಯಿತು. ಗೇಟಿನ ಎತ್ತರ 20 ಅಡಿ, ಒಂದೊಂದು ತುಂಡು 4 ಅಡಿ, ತುಂಡುಗಳು ಐದು. ಮೂರನೆಯ ತರಗತಿಯ ಮಗ್ಗಿಯೇ ಅಲ್ಲಿಯೂ ಕೆಲಸಕ್ಕೆ ಬಂದಿತೆಂದು ತಿಳಿದ ಮಗು, ಮಗ್ಗಿಯನ್ನು ಬೇರೆಯೇ ಗೌರವದಿಂದ ಕಾಣುತ್ತದೆ.

ಈ ಕಾರ್ಯಕ್ಕೆ ಹೊಸ ಯೋಜನೆಯನ್ನು ಕಾಯಬೇಕಾಗಿಲ್ಲ. ಗಣಿತ ಕಲಿಕಾ ಆಂದೋಲನದ ಅಂಗವಾಗಿ ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳು ಈಗಾಗಲೇ ನಡೆದಿವೆ. ಸದಸ್ಯರು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದಾಗಿದೆ.

1. ಶಾಲಾ ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಸಮಿತಿಯೊಂದಿಗೆ ಕುಳಿತು, ಸ್ವಂತ ಗ್ರಾಮದ ಕೆರೆ, ಕಾಲುವೆ, ಹೊಂಡಗಳ ನಿಜ ಅಳತೆಗಳಿಂದ ಹತ್ತು ಲೆಕ್ಕಗಳನ್ನು ಸಿದ್ಧಪಡಿಸುವುದು.

2. ಅಪಾಯದ ಪ್ರತಿ ಜಲಸ್ಥಳದಲ್ಲಿ ನೀರಿನಲ್ಲಿ ತೇಲುವ 20 ಮೀಟರ್ ಹಗ್ಗ ಹಾಗೂ ಮುಚ್ಚಿದ ಕ್ಯಾನ್ ಅನ್ನು ಕಂಬಕ್ಕೆ ತೂಗುಹಾಕುವುದು, ತಿಂಗಳಿಗೊಮ್ಮೆ ಪರಿಶೀಲಿಸುವುದು.

3. ಹಗ್ಗ ಎಸೆಯುವ ಅಭ್ಯಾಸವನ್ನು ಶಾಲಾ ಮೈದಾನದಲ್ಲಿಯೇ ಸುಣ್ಣದ ಗೆರೆ ಎಳೆದು ಮಾಡಿಸುವುದು. ಹರಿವಿನ ಅಳತೆಯನ್ನು ಪಾದ ಮುಳುಗುವಷ್ಟು ನೀರಿನ ಹೊಲಗಾಲುವೆಯಲ್ಲಿ, ಹಿರಿಯರ ಸಮ್ಮುಖದಲ್ಲಿ ಮಾತ್ರ ನಡೆಸುವುದು. ಮುಖ್ಯ ಕಾಲುವೆ ಅಥವಾ ನದಿಯ ಬಳಿಗೆ ಮಕ್ಕಳನ್ನು ಈ ಕಾರಣಕ್ಕಾಗಿ ಕರೆದೊಯ್ಯಕೂಡದು.

4. ತುರ್ತು ಕರೆ ಸಂಖ್ಯೆ 112 ಹಾಗೂ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅನ್ನು ಪ್ರತಿ ಮಗುವಿಗೆ ಕಂಠಪಾಠ ಮಾಡಿಸುವುದು.

5. ಮಕ್ಕಳ ಗ್ರಾಮಸಭೆಯಲ್ಲಿ, ಯಾವ ಹೊಂಡಕ್ಕೆ ಬೇಲಿಯಿಲ್ಲ, ಎಲ್ಲಿ ಎಷ್ಟು ಹಗ್ಗ ಬೇಕು ಎಂಬುದನ್ನು ಮಕ್ಕಳಿಂದಲೇ ಅಂಕಿ ಸಹಿತ ಮಂಡಿಸಿಕೊಳ್ಳುವುದು. ಅದಕ್ಕೆ ಪಂಚಾಯತಿಯು ಲಿಖಿತ ಉತ್ತರ ನೀಡುವುದು.

ಕೊನೆಯ ಅಂಶವು ಅತಿ ಮುಖ್ಯವಾದುದು. ಮಗು ಲೆಕ್ಕ ಹಾಕಿ ನಾಲ್ಕೂವರೆ ಮೀಟರ್ ಹಗ್ಗ ಬೇಕೆಂದು ಹೇಳಿದ ಮೇಲೆಯೂ ಹೊಂಡದ ದಡದಲ್ಲಿ ಹಗ್ಗವಿಲ್ಲದಿದ್ದರೆ, ಆ ಮಗು ಕಲಿಯುವುದು ಗಣಿತವನ್ನಲ್ಲ. ಹಿರಿಯರ ಮಾತಿಗೂ ಕೃತಿಗೂ ಇರುವ ಅಂತರವನ್ನು. ಆ ಅಂತರವನ್ನು ಮುಚ್ಚುವ ಹೊಣೆ ಗ್ರಾಮ ಪಂಚಾಯತಿಯದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವು ಸ್ಥಾನ ಪಡೆಯಲಿ.